ಎರಡು ಲೈನಿನ ನಡುವೆ ಲೈಟಿನ ಲೋಡ್

ಕಲಬುರಗಿಯ ದಾಲ್ ಮಿಲ್ಲಿಗೆ ಎರಡು ಟ್ರಾನ್ಸ್‌ಫಾರ್ಮರ್‌ಗಳಿಂದ ಲೈನ್ ಇದ್ದರೆ, ಲೈಟುಗಳನ್ನಷ್ಟೇ ಬೇರೆ ಡಿಬಿಗೆ (ವೈರುಗಳನ್ನು ಹಂಚುವ ಪೆಟ್ಟಿಗೆ) ತಂದು, ಒಂದು ಲೈನ್ ಹೋದಾಗ ಇನ್ನೊಂದಕ್ಕೆ ಎರಡು ಫೋರ್ ಪೋಲ್ ಕಾಂಟ್ಯಾಕ್ಟರ್‌ಗಳಿಂದ ಬದಲಿಸಬಹುದು. ಕಾಂಟ್ಯಾಕ್ಟರ್ ಎಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕೂಡುವ ಸ್ವಿಚ್; ಫೋರ್ ಪೋಲ್ ಆದರೆ ಮೂರು ಫೇಸ್, ಒಂದು ನ್ಯೂಟ್ರಲ್ ಒಟ್ಟಿಗೆ ಬದಲಾಗುತ್ತವೆ. ಮೋಟರ್ ಇದಕ್ಕೆ ಹಚ್ಚಬೇಡಿ. ತಿರುಗುತ್ತಿರುವ ಮೋಟರಿಗೆ ತಾಳ ತಪ್ಪಿದ ಸಪ್ಲೈ ಕೊಟ್ಟರೆ ಭಾರಿ ಕರೆಂಟ್ ಎಳೆಯುತ್ತದೆ.

ನ್ಯೂಟ್ರಲ್ ಕೂಡ ಬದಲಾಗಬೇಕು. ಎರಡೂ ನ್ಯೂಟ್ರಲ್ ಕೂಡಿಸಿಟ್ಟರೆ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಆಫ್ ಮಾಡುವ ಸ್ವಿಚ್) ಕಾರಣವಿಲ್ಲದೆ ಬೀಳುತ್ತದೆ. ನ್ಯೂಟ್ರಲ್ ಪೋಲಿನ ಸ್ಕ್ರೂ ಸಡಿಲವಾದರಂತೂ 230 ವೋಲ್ಟಿನ ಕೆಲವು ಲೈಟುಗಳಿಗೆ 400ರ ಹತ್ತಿರದವರೆಗೂ ಬಂದು ಡ್ರೈವರ್‌ಗಳು (ಎಲ್‌ಇಡಿಗೆ ಕರೆಂಟ್ ಕೊಡುವ ಭಾಗ) ಸಾಲಾಗಿ ಸುಡಬಹುದು.

ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಕೂಡದಂತೆ ತಡೆಯುವ ಮೆಕ್ಯಾನಿಕಲ್ ಇಂಟರ್‌ಲಾಕ್ ಹಾಕಿ; ಜೊತೆಗೆ ಒಂದರ ಎನ್‌ಸಿ ಕಾಂಟ್ಯಾಕ್ಟನ್ನು (ಕಾಂಟ್ಯಾಕ್ಟರ್ ಆಫ್ ಇದ್ದಾಗ ಕೂಡಿರುವುದು) ಇನ್ನೊಂದರ ಕಾಯಿಲ್‌ಗೆ ಸರಣಿಯಲ್ಲಿ ಕೊಡಿ. ಎರಡರಲ್ಲಿ ಒಂದೇ ಸಾಕು ಎನ್ನುವವರ ಮಾತು ಕೇಳಬೇಡಿ.

ಲೈನ್ ಬದಲಾಗಲು ಒಂದು ಸೆಕೆಂಡಿನ ಹತ್ತನೇ ಭಾಗ ಹಿಡಿದರೂ ಎಲ್‌ಇಡಿ ಒಮ್ಮೆ ಮಿಟುಕಿ ಹತ್ತುತ್ತದೆ. ಹಳೆಯ ಮೆಟಲ್ ಹ್ಯಾಲೈಡ್ ದೀಪ ಹಾಗಲ್ಲ: ಆರಿದರೆ ತಣ್ಣಗಾಗಿ ಮತ್ತೆ ಬೆಳಗಲು ಹತ್ತು ನಿಮಿಷವಾದರೂ ಬೇಕು. ಮೆಟ್ಟಿಲು, ಬೆಲ್ಟುಗಳ ಮೇಲೆ ಅದು ಬೇಡವೇ ಬೇಡ. ಮಿಟುಕೂ ಬೇಡವೆಂದರೆ ಎಲೆಕ್ಟ್ರಾನಿಕ್ ಆಗಿ ಲೈನ್ ಬದಲಿಸುವ ಸ್ಟ್ಯಾಟಿಕ್ ಸ್ವಿಚ್ ಇದೆ. ಮಿಲ್ಲಿಗೆ ಅದು ದಂಡದ ಖರ್ಚು.

ಎಲ್‌ಇಡಿ ಡ್ರೈವರ್‌ಗಳು ಹತ್ತುವ ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಕಾಂಟ್ಯಾಕ್ಟನ್ನೇ ಬೆಸೆಯಬಲ್ಲವು. ಎಸಿ-1 (ಹೀಟರಿನಂಥ ಲೋಡಿನ ರೇಟಿಂಗ್) ಆಂಪಿಯರ್ ಮಾತ್ರ ನೋಡಿ ಖರೀದಿಸದೆ ದೀಪದ ಲೋಡಿನ ರೇಟಿಂಗ್ ಕೇಳಿ. ಬೆಸೆದುಕೊಂಡರೆ ಇಂಟರ್‌ಲಾಕ್ ಎರಡನೆಯದನ್ನು ತಡೆಯುತ್ತದೆ. ಕತ್ತಲಾದೀತು, ಎರಡು ಲೈನ್ ಮಾತ್ರ ಕೂಡವು.

ಮೊದಲ ಲೈನಿಗೆ ಮರಳಲು ಎರಡು-ಮೂರು ನಿಮಿಷದ ಟೈಮರ್ ಇಡಿ, ಬಂದ ಕರೆಂಟ್ ಮತ್ತೆ ಹೋಗುವುದುಂಟು. ತೊಗರಿ ಧೂಳಿಗೆ ಐಪಿ54 (ಧೂಳು, ನೀರಿನ ಸಿಡಿತ ತಡೆಯುವ) ಪೆಟ್ಟಿಗೆ. ಬೇಸಿಗೆಯ ಸೆಕೆಗೆ ಒಂದು ಸೈಜ್ ದೊಡ್ಡ ಕಾಂಟ್ಯಾಕ್ಟರ್. ಬಾಗಿಲು ತೆರೆಯುವ ಮುಂಚೆ ಎರಡೂ ಲೈನ್ ಆಫ್ ಮಾಡಿ ಟೆಸ್ಟರ್ ಹಿಡಿಯಿರಿ.