ಮಕ್ಕಳು ಅಷ್ಟು ಕಾಟ ಕೊಟ್ರೂ ನಿಂಗೆ ಹೇಗೆ ನಗು ಬರತ್ತೆ?

ಈ ಪ್ರಶ್ನೆ ನಂಗೆ ವಾರಕ್ಕೆ ಒಂದ್ಸಲನಾದ್ರೂ ಬಂದೇ ಬರತ್ತೆ. ಫೋನಲ್ಲಿ ತಂಗಿ ಕೇಳ್ತಾಳೆ, ಸ್ಕೂಲ್ ಗೇಟ್ ಹತ್ರ ಮಕ್ಕಳಿಗೆ ಕಾಯ್ತಾ ನಿಂತಿರೋ ಬೇರೆ ಅಮ್ಮಂದಿರು ಕೇಳ್ತಾರೆ, ಹೋದ ತಿಂಗಳು ಈಗಷ್ಟೇ ಬಾಣಂತನ ಮುಗಿಸಿ ಕೆಲಸಕ್ಕೆ ವಾಪಸ್ ಬಂದಿರೋ ಒಬ್ಬ ಹುಡುಗಿ ಲಿಫ್ಟಲ್ಲಿ ಕಣ್ಣಲ್ಲಿ ನೀರು ತುಂಬ್ಕೊಂಡೇ ಕೇಳಿದ್ಲು, "ನಿಮಗೆ ಸಿಟ್ಟೇ ಬರಲ್ವಾ ಅಕ್ಕ, ಅಷ್ಟೆಲ್ಲಾ ರಂಪ ಆದ್ರೂ ನಗ್ತಾ ನಗ್ತಾ ಹೇಳ್ತೀರಲ್ಲ" ಅಂತ. ಲಿಫ್ಟಲ್ಲಿ ಉತ್ತರ ಕೊಡೋಕಾಗ್ಲಿಲ್ಲ, ಎರಡು ಮಹಡಿ ಅಷ್ಟೇ ಇತ್ತು. ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲು ಒಂದು ವಿಷಯ ಹೇಳ್ಬಿಡ್ತೀನಿ, ಸಿಟ್ಟು ಬರತ್ತೆ. ಚೆನ್ನಾಗೇ ಬರತ್ತೆ. ನಗು ಆಮೇಲೆ ಬರೋದು. ಎಷ್ಟೋ ಸಲ ಎರಡರ ನಡುವೆ ಒಂದು ಇಡೀ ದಿನ ಇರತ್ತೆ. ನೀವು ಕೇಳೋದು ಕಥೆ ಆಗಿ ಹಣ್ಣಾದ್ಮೇಲಿನ ಭಾಗ, ಕಾಯಿ ಇದ್ದಾಗಿಂದು ನಮ್ಮನೆ ಗೋಡೆಗಳಿಗೆ ಮಾತ್ರ ಗೊತ್ತು.

ಮೊಬೈಲ್ ಕಥೆ ಹೇಳ್ತೀನಿ. ದೊಡ್ಡವನಿಗೆ ಆಗ ನಾಲ್ಕೂವರೆ ವರ್ಷ. ನಾನು ಬಟ್ಟೆ ಒಣ ಹಾಕ್ತಿದ್ದೆ, ಒಳಗಡೆ ಸದ್ದೇ ಇಲ್ಲ. ಮಕ್ಕಳಿರೋ ಮನೇಲಿ ಗಲಾಟೆಗಿಂತ ಭಯ ಹುಟ್ಸೋದು ಈ ನಿಶ್ಶಬ್ದನೇ ಅಂತ ಹೆತ್ತವರಿಗೆಲ್ಲಾ ಗೊತ್ತು. ಓಡಿ ಬಂದು ನೋಡಿದ್ರೆ ಬಚ್ಚಲಲ್ಲಿ ಕೂತಿದಾನೆ, ಮುಂದೆ ಬಕೆಟ್ಟು, ಬಕೆಟ್ ತುಂಬಾ ಸೋಪಿನ ನೊರೆ, ನೊರೆ ಒಳಗಡೆ ನನ್ನ ಫೋನು, ಟಿವಿ ರಿಮೋಟು, ಒಂದು ಚಪ್ಪಲಿ. ಹಳೇ ಬ್ರಶ್ ಹಿಡ್ಕೊಂಡು ಫೋನಿನ ಚಾರ್ಜಿಂಗ್ ತೂತನ್ನ ನಾಲಿಗೆ ಹೊರಗೆ ಹಾಕಿ ಅಷ್ಟು ಗಮನ ಇಟ್ಟು ಉಜ್ಜುತಾ ಇದ್ದ. ನಾನು ಕಿರುಚಿದೆ, ಬಕೆಟ್ಟಿಂದ ಕಿತ್ಕೊಂಡೆ, ಒರೆಸಿದೆ, ಅದು ಸತ್ತೇ ಹೋಗಿತ್ತು. ಅವನು ಹೆದರಿ ಅಳೋಕೆ ಶುರು ಮಾಡ್ದ. ಆಗ ಕಣ್ಣಿಗೆ ಬಿತ್ತು, ಬಚ್ಚಲಿನ ಹೊರಗಡೆ ಒಣಗಿರೋ ಜಾಗದಲ್ಲಿ ನೀಟಾಗಿ ಫೋನಿನ ಕವರ್ ಇಟ್ಟಿದಾನೆ.

"ಇದನ್ಯಾಕೋ ಹೊರಗಿಟ್ಟೆ?" ಅಂದೆ.

"ಒದ್ದೆ ಆಗತ್ತಲ್ಲಾ" ಅಂದ, ಬಿಕ್ಕುತ್ತಾ.

ಯಾಕೆ ತೊಳೆದೆ ಅಂತ ಕೇಳಿದ್ದಕ್ಕೆ ಬಂದ ಉತ್ತರ ಇನ್ನೂ ನೆನಪಿದೆ. "ನೀನೇ ಹೇಳಿದ್ಯಲ್ಲ, ಫೋನಲ್ಲಿ ಕ್ರಿಮಿ ಇರತ್ತೆ, ಮುಟ್ಟಬೇಡ ಅಂತ. ಈಗ ಇಲ್ಲ. ಈಗ ಮುಟ್ಟಬಹುದು." ಅವನ ಕೈಯಿಂದ ಫೋನ್ ತಪ್ಪಿಸೋಕೆ ಯಾವಾಗ್ಲೋ ನಾನು ಹೇಳಿದ ಮಾತು ಅದು. ಅವನು ಆ ಮಾತನ್ನ ಪೂರ್ತಿ ನಂಬಿದ್ದ, ನಂಬಿ ಅದಕ್ಕೊಂದು ಪರಿಹಾರ ಹುಡುಕಿದ್ದ, ಕವರ್ ಹಾಳಾಗಬಾರದು ಅಂತ ಜೋಪಾನ ಬೇರೆ ಮಾಡಿದ್ದ. ಆವತ್ತು ನಾನು ನಗಲಿಲ್ಲ. ಮೂರು ತಿಂಗಳ ಫೋಟೋ ಹೋಗಿತ್ತು, ಹೊಟ್ಟೆ ಉರೀತಿತ್ತು. ಆದ್ರೆ ರಾತ್ರಿ ಗಂಡನಿಗೆ ಹೇಳ್ತಾ ಹೇಳ್ತಾ "ಒದ್ದೆ ಆಗತ್ತಲ್ಲಾ" ಅನ್ನೋ ಜಾಗಕ್ಕೆ ಬಂದಾಗ ಇಬ್ಬರಿಗೂ ತಡೆಯೋಕಾಗ್ಲಿಲ್ಲ, ಮಕ್ಕಳು ಎದ್ದುಬಿಡ್ತಾರೆ ಅಂತ ದಿಂಬಲ್ಲಿ ಬಾಯಿ ಮುಚ್ಕೊಂಡು ನಕ್ವಿ.

ನನ್ನ ಉತ್ತರ ಇದೇನೇ. ಕೂಸು ಮಾಡಿದ ಕೆಲಸದಲ್ಲಿ ನಂಗೆ ಯಾವತ್ತೂ ನಗು ಸಿಕ್ಕಿಲ್ಲ, ಅದು ಯಾಕೆ ಮಾಡ್ತು ಅನ್ನೋದ್ರಲ್ಲಿ ಸಿಕ್ಕಿದೆ. ಅದಕ್ಕೇ ಏನೇ ಆದ್ರೂ ನಾನು ಯಾಕೆ ಅಂತ ಕೇಳ್ತೀನಿ. ಬೈಗುಳದ "ಯಾಕೋ!" ಅಲ್ಲ, ಅದಕ್ಕೆ ಮಕ್ಕಳು "ಸುಮ್ನೆ" ಅಂದುಬಿಡ್ತಾರೆ. ಸಿಟ್ಟು ಇಳಿದ್ಮೇಲೆ, ಪಕ್ಕದಲ್ಲಿ ಕೂತು, ನಿಜವಾಗ್ಲೂ ಗೊತ್ತಾಗಬೇಕು ಅಂತ ಕೇಳೋ ಯಾಕೆ. ಹತ್ತರಲ್ಲಿ ಎಂಟು ಸಲ ಏನೋ ಒಂದು ಲೆಕ್ಕಾಚಾರ ಹೊರಗೆ ಬರತ್ತೆ, ನಮಗಿಂತ ನೆಟ್ಟಗಿರೋ ಲೆಕ್ಕಾಚಾರ.

ಇನ್ನೂ ಮಾತು ಬರದ ಮಕ್ಕಳ ಹತ್ರ ಕೇಳೋಕಾಗಲ್ಲ, ನೋಡಬೇಕು ಅಷ್ಟೇ. ಚಿಕ್ಕವಳಿಗೆ ಎಂಟೊಂಬತ್ತು ತಿಂಗಳಿದ್ದಾಗ ಕುರ್ಚಿ ಮೇಲೆ ಕೂರ್ಸಿದ್ರೆ ಚಮಚ ಕೆಳಗೆ ಹಾಕೋದೇ ಕೆಲಸ. ಎತ್ತಿಕೊಟ್ರೆ ಮತ್ತೆ ಹಾಕ್ತಾಳೆ, ಹದಿನಾರು ಹದಿನೇಳು ಸಲ ಎಣಿಸಿದೀನಿ, ಸೊಂಟ ಬಿದ್ದೋಗ್ತಿತ್ತು. ಒಂದಿನ ಎತ್ತೋದು ಬಿಟ್ಟು ಸುಮ್ನೆ ಅವಳ ಮುಖ ನೋಡ್ತಾ ಕೂತೆ. ಚಮಚ ಬಿಡ್ತಾಳೆ, ಸದ್ದಿಗೆ ಕಾಯ್ತಾಳೆ, ಬಗ್ಗಿ ನೋಡ್ತಾಳೆ, ಆಮೇಲೆ ನನ್ನ ಮುಖ ನೋಡ್ತಾಳೆ, "ಇದೆ! ಅಲ್ಲೇ ಇದೆ!" ಅನ್ನೋ ಥರ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತನ್ನ ಮೂರು ಮಕ್ಕಳನ್ನೇ ಕೂತು ನೋಡಿ ನೋಡಿ ಬರೆದಿದ್ದು ಇದನ್ನೇ, ಕಣ್ಣಿಗೆ ಕಾಣದೇ ಇದ್ರೂ ವಸ್ತು ಎಲ್ಲೋ ಇದ್ದೇ ಇರತ್ತೆ ಅನ್ನೋ ತಿಳುವಳಿಕೆ ಹುಟ್ಟಿನಿಂದ ಬರಲ್ಲ, ಸುಮಾರು ಎಂಟನೇ ತಿಂಗಳಿಂದ ಆಚೆ ನಿಧಾನಕ್ಕೆ ಬರತ್ತೆ ಅಂತ. ಅದು ಗೊತ್ತಾದ್ಮೇಲೆ ಚಮಚ ಬಿದ್ದಾಗೆಲ್ಲಾ ಅವಳ ಜೊತೆ ನಾನೂ ಬಗ್ಗಿ ನೋಡಿ "ಇದೆ!" ಅಂತಿದ್ದೆ. ಸೊಂಟ ನೋವು ಹೋಗಲಿಲ್ಲ, ಆದ್ರೆ ಊಟದ ಹೊತ್ತು ಅಂದ್ರೆ ನಡುಕ ಬರೋದು ನಿಂತುಹೋಯ್ತು.

ಮಾತು ಶುರುವಾದ್ಮೇಲಂತೂ ಹಬ್ಬ. ದೊಡ್ಡವನು ಎರಡೂವರೆ ಮೂರು ವರ್ಷದಲ್ಲಿ "ಅಮ್ಮಾ ನಾನು ಅವಳಿಗೆ ಬೊಂಬೆ ಕೊಡಿದೆ" ಅಂತಿದ್ದ. ಕೊಟ್ಟೆ ಅಲ್ಲ, ಕೊಡಿದೆ. "ನಾನು ಓಡಿ ಬರಿದೆ." ಮನೇಲಿ ಯಾರೂ ಹಾಗೆ ಮಾತಾಡಲ್ಲ, ಎಲ್ಲಿಂದ ಕಲ್ತ ಅಂತ ತಲೆ ಕೆಡಿಸ್ಕೊಂಡ್ರೆ, ಅಯ್ಯೋ, ಹಾಡು ಅಂದ್ರೆ ಹಾಡಿದೆ, ಓದು ಅಂದ್ರೆ ಓದಿದೆ, ಹಾಗಾದ್ರೆ ಕೊಡು ಅಂದ್ರೆ ಕೊಡಿದೆ ತಾನೆ! ವ್ಯಾಕರಣದ ಸೂತ್ರವನ್ನ ಯಾರೂ ಹೇಳಿಕೊಡದೇ ತಾನೇ ಕಂಡುಹಿಡ್ಕೊಂಡಿದಾನೆ, ಕನ್ನಡವೇ ಅಲ್ಲಿ ಸೂತ್ರ ಮುರಿದಿರೋದು. 1958ರಲ್ಲಿ ಜೀನ್ ಬರ್ಕೋ ಅನ್ನೋ ಸಂಶೋಧಕಿ ಹಕ್ಕಿ ಥರದ್ದೊಂದು ಇಲ್ಲದ ಪ್ರಾಣಿ ಚಿತ್ರ ಬರೆದು "ಇದು ವಗ್" ಅಂತ ಪುಟ್ಟ ಮಕ್ಕಳಿಗೆ ತೋರ್ಸಿ, ಈಗ ಎರಡಿವೆ, ಏನಂತಾರೆ ಅಂತ ಇಂಗ್ಲಿಷಲ್ಲಿ ಕೇಳಿದ್ರಂತೆ. ಹುಟ್ಟಿದ್ಮೇಲೆ ಒಂದ್ಸಲನೂ ಕೇಳಿರದ ಆ ಪದಕ್ಕೆ ಮಕ್ಕಳು ಸಲೀಸಾಗಿ "ವಗ್ಸ್" ಅಂದ್ವು, ಅಂದ್ರೆ ಬರೀ ಕೇಳಿದ್ದನ್ನ ಒಪ್ಪಿಸ್ತಿಲ್ಲ, ಒಳಗೆ ನಿಯಮ ಕಟ್ಕೊಂಡಿವೆ ಅಂತಾಯ್ತು. ನಿನ್ನೆ ಮತ್ತು ನಾಳೆನೂ ಹಾಗೇ, "ನಾಳೆ ಬಿದ್ದೆ, ನಿನ್ನೆ ಅಜ್ಜಿ ಬರ್ತಾಳೆ" ಅಂತಿದ್ದ, ಇವತ್ತಲ್ಲದ ದಿನ ಎಲ್ಲಾ ಅವನಿಗೆ ಒಂದೇ ಕಡೆ ಇತ್ತು. ಇಂಥ ಮಾತೆಲ್ಲಾ ಒಂದು ನೋಟ್‌ಬುಕ್ಕಲ್ಲಿ ತಾರೀಕು ಹಾಕಿ ಬರೆದಿಟ್ಟಿದೀನಿ. ನೀವೂ ಬರೆದಿಡಿ ಪ್ಲೀಸ್, ನೆನಪಿರತ್ತೆ ಅನ್ಕೋತೀವಿ, ಇರಲ್ಲ. ಒಂದಿನ ಇದ್ದಕ್ಕಿದ್ದಂಗೆ "ಕೊಟ್ಟೆ" ಅಂದುಬಿಟ್ಟ, ನಂಗೆ ಅಳು ಬಂತು.

ಆದ್ರೆ ಅವನ ಎದುರಿಗೆ ನಾನು ನಕ್ಕಿಲ್ಲ, ಇದನ್ನ ಸ್ವಲ್ಪ ಒತ್ತಿ ಹೇಳ್ತೀನಿ. ಮಗುವಿನ ಜೊತೆ ನಗೋದು ಬೇರೆ, ಮಗುವನ್ನ ನೋಡಿ ನಗೋದು ಬೇರೆ. ಒಂದ್ಸಲ ನೆಂಟರೆಲ್ಲಾ ಕೂತಿದ್ದಾಗ ಅವನು ಚಡ್ಡಿ ಒದ್ದೆ ಮಾಡ್ಕೊಂಡಿದ್ದನ್ನ ಕಥೆ ಮಾಡಿ ಹೇಳಿದೆ, ಎಲ್ಲರೂ ನಕ್ರು, ಅವನು ಪರದೆ ಹಿಂದೆ ಹೋಗಿ ನಿಂತ್ಕೊಂಡ. ಕರೆದ್ರೂ ಬರಲಿಲ್ಲ. ಪರದೆ ಕೆಳಗಿಂದ ಎರಡು ಪುಟ್ಟ ಪಾದ ಕಾಣ್ತಿತ್ತು, ಹೆಬ್ಬೆರಳು ಒಳಗೆ ಮಡಚ್ಕೊಂಡಿದ್ದ. ಆವತ್ತು ರಾತ್ರಿ ಅವನ ಹತ್ರ ಕ್ಷಮೆ ಕೇಳಿದೆ, ಇನ್ಮೇಲೆ ನಿನ್ನ ಕಥೆ ಹೇಳೋ ಮುಂಚೆ ನಿನ್ನ ಕೇಳ್ತೀನಿ ಅಂದೆ. ಈಗ ಏಳು ವರ್ಷ ಅವನಿಗೆ, ಮೊಬೈಲ್ ಕಥೆ, ಕೊಡಿದೆ ಕಥೆ, ಈ ಪರದೆ ಕಥೆ ಎಲ್ಲಾ ಬರೆಯೋಕೆ ಅವನ ಒಪ್ಪಿಗೆ ಇದೆ, ಕೇಳಿದೀನಿ.

ಅವರು ಹೆದರಿದ್ದಾಗಲೂ ಅಷ್ಟೇ, ನಗು ಅಂಗಡಿ ಮುಚ್ಚಬೇಕು. ಚಿಕ್ಕವಳು ಎರಡೂವರೆ ವರ್ಷಕ್ಕೆ ಒಂದು ಸಂಜೆ ನಡು ದಾರೀಲಿ ನಿಂತು ಜೀವ ಹೋಗೋ ಹಾಗೆ ಅಳೋಕೆ ಶುರು ಮಾಡಿದ್ಲು. ಮುಳ್ಳು ಚುಚ್ಚಿತಾ, ಏನಾದ್ರೂ ಕಚ್ಚಿತಾ ಅಂತ ಕಾಲೆಲ್ಲಾ ತಡಕಿ ನೋಡಿದೆ. ಅವಳು ತನ್ನ ನೆರಳಿನ ಕಡೆ ಬೆರಳು ತೋರ್ಸಿ "ಅದು ನನ್ ಕಾಲು ಬಿಡ್ತಿಲ್ಲ" ಅಂದ್ಲು. ನಿಜ ತಾನೆ, ಎತ್ತ ಓಡಿದ್ರೂ ಬಿಡ್ತಿರಲಿಲ್ಲ. ಎರಡು ಮೂರು ವರ್ಷದ ವಯಸ್ಸಲ್ಲಿ ಇಂಥ ರಂಪ ಜಾಸ್ತಿ ಇರತ್ತೆ, ಭಾವನೆಗೆ ಕಡಿವಾಣ ಹಾಕೋ ಹಣೆ ಹಿಂದಿನ ಮೆದುಳಿನ ಭಾಗ 25ರ ಆಸುಪಾಸಿನ ತನಕ ಬೆಳೀತಾನೇ ಇರತ್ತಂತೆ, ಎರಡೂವರೆಗೆ ಅದರ ಹತ್ರ ಏನು ಕೇಳೋದು. ನಾನು ಬಗ್ಗಿ ನೆರಳಿಗೆ ಗದರಿಸಿದೆ, "ಏಯ್, ಬಿಡು ನನ್ನ ಮಗಳ ಕಾಲು!" ಅಂತ, ಎತ್ಕೊಂಡೆ. ಎತ್ಕೊಂಡ ತಕ್ಷಣ ಕಾಲು ಬಿಟ್ಟೇಬಿಡ್ತಲ್ಲಾ! ನನ್ನ ಭುಜದ ಮೇಲಿಂದ ಕೆಳಗೆ ನೋಡಿ, ಇಬ್ಬರ ನೆರಳೂ ಸೇರಿ ದಪ್ಪಗಾಗಿದ್ದನ್ನ ಕಂಡು, "ಈಗ ನಿನ್ನ ಹಿಡ್ಕೊಂಡಿದೆ" ಅಂದ್ಲು, ಕನಿಕರದಿಂದ. ಮನೆ ಮುಟ್ಟೋ ತನಕ ತುಟಿ ಕಚ್ಚಿ ನಡೆದಿದೀನಿ ನಾನು.

ನಗು ಹೊರಗೆ ಬರೋಕೆ ಇನ್ನೊಬ್ಬರು ಬೇಕು. ಅದಕ್ಕೇ ತಂಗಿಗೆ ಫೋನ್ ಮಾಡೋದು, ಗೇಟ್ ಹತ್ರ ಮಾತಾಡೋದು. ನಗುವಿನ ಬಗ್ಗೆ ವರ್ಷಗಟ್ಲೆ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್, ಜನ ಒಬ್ಬರೇ ಇದ್ದಾಗಿಗಿಂತ ಜೊತೆಗೆ ಯಾರಾದ್ರೂ ಇದ್ದಾಗ ಸುಮಾರು 30 ಪಟ್ಟು ಹೆಚ್ಚು ನಗ್ತಾರೆ ಅಂತ ಕಂಡುಕೊಂಡಿದ್ರು. ದಿನವಿಡೀ ಪಾಪು ಜೊತೆ ಒಬ್ಬಳೇ ಮನೇಲಿರೋ ತಾಯಿಗೆ ನಗು ಬರ್ತಿಲ್ಲ ಅಂದ್ರೆ ಅವಳ ಸ್ವಭಾವದಲ್ಲಿ ಏನೂ ಕೊರತೆ ಇಲ್ಲ, ಕೇಳೋ ಕಿವಿ ಇಲ್ಲ ಅಷ್ಟೇ. ಹಾಗಾಗಿ ನಿಮ್ಮ ಪರಿಚಯದಲ್ಲಿ ಹೊಸ ಅಮ್ಮ ಯಾರಾದ್ರೂ ಇದ್ರೆ "ಪಾಪು ಹೇಗಿದೆ" ಅಂತ ಮಾತ್ರ ಕೇಳ್ಬೇಡಿ, "ಇವತ್ತೇನಾಯ್ತು ಹೇಳು" ಅಂತ ಕೇಳಿ, ಪೂರ್ತಿ ಕೇಳಿಸ್ಕೊಳ್ಳಿ.

ಮತ್ತೆ ಲಿಫ್ಟಿನ ಹುಡುಗಿಗೆ ಹೇಳಬೇಕಾಗಿದ್ದ ಮಾತು. ಮೊದಲ ಮೂರು ತಿಂಗಳು ನಾನೂ ನಕ್ಕಿಲ್ಲ. ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ಎರಡು ಮೂರು ಗಂಟೆಯ ತುಂಡು ತುಂಡಾಗಿ ಬರತ್ತೆ ಅನ್ನೋದು ಎದ್ದು ಕೂತವಳಿಗೆ ಮಾತ್ರ ಗೊತ್ತು. ಹೆರಿಗೆ ಆದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರೋದು ತುಂಬಾ ಜನಕ್ಕೆ ಆಗತ್ತೆ, ಸಾಮಾನ್ಯವಾಗಿ ಎರಡು ವಾರದಲ್ಲಿ ತಾನೇ ಇಳಿಯತ್ತೆ. ಇಳಿಯದೇ ಇದ್ರೆ, ಯಾವುದ್ರಲ್ಲೂ ಮನಸ್ಸಿಲ್ಲ, ಮಗು ಮಲಗಿದ್ರೂ ನಿದ್ದೆ ಇಲ್ಲ, ನಾನು ಬೇಡವಾದವಳು ಅನ್ನಿಸ್ತಿದೆ ಅಂದ್ರೆ, ಅಲ್ಲಿ ತಮಾಷೆ ಹುಡುಕೋಕೆ ಹೋಗ್ಬಾರ್ದು, ಡಾಕ್ಟರ ಹತ್ರ ಹೋಗ್ಬೇಕು. ತನಗೋ ಮಗುವಿಗೋ ಏನಾದ್ರೂ ಮಾಡ್ಕೊಂಡುಬಿಡೋಣ ಅನ್ನಿಸಿದ್ರಂತೂ ಎರಡು ವಾರ ಕಾಯೋದೇ ಬೇಡ, ಆವತ್ತೇ ಹೋಗ್ಬೇಕು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಹೆತ್ತ ಹೆಂಗಸರಲ್ಲಿ ಸುಮಾರು ನೂರಕ್ಕೆ 13 ಜನ ಮನಸ್ಸಿನ ಕಾಯಿಲೆ ಅನುಭವಿಸ್ತಾರೆ, ಅದರಲ್ಲಿ ಮುಖ್ಯವಾಗಿ ಖಿನ್ನತೆ. ಚಿಕಿತ್ಸೆ ಇದೆ, ವಾಸಿ ಆಗತ್ತೆ. ಎಲ್ಲಾ ತಾಯಂದಿರೂ ಸುಸ್ತಾಗಿರ್ತಾರೆ ಬಿಡು ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಆ ಮಾತು ಕೇಳ್ಬೇಡಿ.

ನಂಗೆ ನಗು ವಾಪಸ್ ಬಂದಿದ್ದು ಮಗು ನಕ್ಕ ದಿನ. ಪಾಪುಗಳು ಆರೆಂಟು ವಾರಕ್ಕೆ ನಮ್ಮ ಮುಖ ನೋಡಿ ಮುಗುಳ್ನಗ್ತಾವೆ, ಸದ್ದು ಮಾಡಿ ನಗೋಕೆ ಮೂರು ನಾಲ್ಕು ತಿಂಗಳು ಬೇಕು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಬಗ್ಗೆ ದಿನ ಲೆಕ್ಕ ಹಾಕಿ ಟಿಪ್ಪಣಿ ಮಾಡಿದ್ರು, 1877ರಲ್ಲಿ ಅದು ಅಚ್ಚಾಯ್ತು. ಅದ್ರಲ್ಲಿದೆ, 110 ದಿನ ಆಗಿದ್ದಾಗ ಮುಖದ ಮೇಲೆ ಬಟ್ಟೆ ಹಾಕಿ ಸರಕ್ಕನೆ ತೆಗೆದ್ರೆ ಮಗುವಿಗೆ ಎಲ್ಲಿಲ್ಲದ ಖುಷಿ ಆಗ್ತಿತ್ತು ಅಂತ. ಆ ತಂದೆ ಆಗಾಗ್ಲೇ ಭೂಮಿ ಸುತ್ತಿ ಬಂದಿದ್ರು, ಆದ್ರೂ ಅದನ್ನ ಬರೆದಿಟ್ಕೊಂಡ್ರಲ್ಲ, ನಂಗೆ ಅದು ತುಂಬಾ ಇಷ್ಟ.

ಹೋದ ವಾರ ಮಡಚಿಟ್ಟ ಬಟ್ಟೆ ರಾಶಿನೆಲ್ಲಾ ಚಿಕ್ಕವಳು ಕೆಡವಿ ಹಾಕಿದ್ಲು. ಮೂರನೇ ಸಲ ಮಡಚಿದ್ದು ಅದು. ನಾನು ಏನೂ ಅನ್ನದೇ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತೆ. ಸ್ವಲ್ಪ ಹೊತ್ತಿಗೆ ಮುಖದ ಮೇಲೆ ಏನೋ ಬಿತ್ತು, ಒಣಗಿದ ಟವೆಲ್ಲಿನ ವಾಸನೆ. ಆ ಕಡೆಯಿಂದ ಉಸಿರು ಬಿಗಿಹಿಡಿದು ಕಾಯ್ತಿರೋದು ಕೇಳಿಸ್ತಿತ್ತು. ಆಮೇಲೆ ಟವೆಲ್ ಸರಕ್ಕನೆ ಜಾರ್ತು, ಮೂಗಿಗೆ ಮೂಗು ತಾಗೋ ಅಷ್ಟು ಹತ್ರ ಅವಳ ಮುಖ.

"ಇದೀಯಾ!" ಅಂದ್ಲು.