ಚಮಚ ಬದಿಗಿಟ್ಟ ದಿನ

ಸಾಗರ
12 ಜೂನ್ 2025, ಗುರುವಾರ

ಮಧ್ಯಾಹ್ನ ಒಂದೆಲಗದ ತಂಬುಳಿ ಅನ್ನವನ್ನು ಕೈಯಲ್ಲೇ ಕಲಸಿ ಉಂಡೆ. ತಟ್ಟೆಯ ಸುತ್ತ ಸಾಕಷ್ಟು ಚೆಲ್ಲಿತು. ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ತುತ್ತನ್ನು ಬಾಯೊಳಗೆ ತಳ್ಳುವಷ್ಟು ಬಲ ಹೆಬ್ಬೆರಳಿಗೆ ಬಂದಿಲ್ಲ. ಆದರೆ ಅನ್ನದ ಬಿಸಿ ಬೆರಳ ತುದಿಗೆ ತಿಳಿಯಿತು. ಅಮ್ಮ ಏನೂ ಮಾತಾಡದೆ ಇನ್ನೊಂದು ಸೌಟು ಬಡಿಸಿದಳು.

ನನಗೆ ಬಂದ ಗಿಯಾನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆಯ ನಿತ್ರಾಣ ಸಾಮಾನ್ಯವಾಗಿ ಪಾದದಿಂದ ಮೇಲೇರುತ್ತದೆ, ಬಿಟ್ಟು ಹೋಗುವಾಗ ಮೇಲಿನಿಂದ ಕೆಳಗಿಳಿಯುತ್ತದೆ. ನನಗೆ ಮೊದಲು ಹೊಟ್ಟೆ ಕೆಟ್ಟಿತ್ತು. ಅದು ವಾಸಿಯಾದ ಮೇಲೆ ಕಾಲಿನಿಂದ ಚಪ್ಪಲಿ ಕಳಚಿದ್ದೂ ಗೊತ್ತಾಗದಂತಾಯಿತು, ಆಮೇಲೆ ಮೆಟ್ಟಿಲು ಹತ್ತಲಾಗಲಿಲ್ಲ, ಕೊನೆಗೆ ಉಸಿರೂ ಸೋತಿತು. ಸೋಂಕಿನ ಮೇಲೆ ಎದ್ದ ದೇಹದ ರಕ್ಷಣಾಪಡೆ ನರಗಳ ಮೇಲೇ ತಿರುಗಿಬೀಳುವ ಕಾಯಿಲೆ ಇದು. ಐದು ದಿನ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಕೊಟ್ಟರು. ವೆಂಟಿಲೇಟರ್‌ನಲ್ಲಿ ಇದ್ದಷ್ಟು ದಿನ ನಾನು ಕೋಮಾದಲ್ಲಿದ್ದೆ ಎಂದೇ ಅನೇಕ ನೆಂಟರು ನಂಬಿದ್ದಾರೆ. ಇರಲಿಲ್ಲ. ಮೆದುಳಿಗೆ ಏನೂ ಆಗಿರಲಿಲ್ಲ, ಹಾಸಿಗೆಯ ಪಕ್ಕ ಆಡಿದ ಎಷ್ಟೋ ಮಾತು ಕೇಳಿಸುತ್ತಿತ್ತು. ಹೌದು ಎನ್ನಲು ಒಮ್ಮೆ ರೆಪ್ಪೆ ಮುಚ್ಚುತ್ತಿದ್ದೆ, ಅಲ್ಲ ಎನ್ನಲು ಎರಡು ಸಲ. ಐಸಿಯುನಲ್ಲಿ ಮಲಗಿದವರ ಎದುರು ದಯವಿಟ್ಟು ಅವರ ಸಾವಿನ ಮಾತಾಡಬೇಡಿ.

ಈಗ ನನ್ನನ್ನು ಹೆಚ್ಚು ನೋಯಿಸುವುದು “ಸ್ವಲ್ಪ ಮನಸ್ಸು ಮಾಡು, ತಾನಾಗೇ ನಡೀತೀಯ” ಎನ್ನುವ ಮಾತು. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ನರ ಮನಸ್ಸಿನ ಮಾತು ಕೇಳಿ ಬೆಳೆಯುವುದಿಲ್ಲ. ನರದ ಮೇಲಿನ ಮಯಲಿನ್ ಪೊರೆ ಮಾತ್ರ ಹಾಳಾಗಿದ್ದವರು ಬೇಗ ಚೇತರಿಸುತ್ತಾರೆ. ನನ್ನದು ಒಳಗೆ ಸಂಕೇತ ಒಯ್ಯುವ ಎಳೆಗೇ, ಅಂದರೆ ಆಕ್ಸಾನ್‌ಗೇ, ಪೆಟ್ಟು ಬಿದ್ದ ಬಗೆ. ಅದು ಮತ್ತೆ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕಾಲಿನಿಂದ ಪಾದದವರೆಗಿನ 400 ಮಿಲಿಮೀಟರ್ ದಾಟಲು ವರ್ಷಕ್ಕಿಂತ ಹೆಚ್ಚೇ ಬೇಕು. ಹಟ ಹಿಡಿದು ದಣಿದರೆ ಮರುದಿನ ಇದ್ದ ಬಲವೂ ಕುಗ್ಗುತ್ತದೆ.

ಬೆಳಿಗ್ಗೆ ಕುರ್ಚಿಯಿಂದ ಏಳುವ ವ್ಯಾಯಾಮದಲ್ಲಿ ತೊಡೆ ನಡುಗತೊಡಗಿದ ತಕ್ಷಣ ಫಿಸಿಯೋಥೆರಪಿಸ್ಟ್ ನಿಲ್ಲಿಸಿದರು. ಮಲಗಿಸಿ, ಹಿಮ್ಮಡಿ ಗಂಟು ಬಿಗಿಯಾಗದಂತೆ ಪಾದವನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದರು. ಊಟದ ನಂತರ ಒಂದು ಗಂಟೆ ಕಡ್ಡಾಯ ನಿದ್ದೆ ಎಂದು ಗೋಡೆಯ ವೇಳಾಪಟ್ಟಿಯಲ್ಲಿ ಅವರೇ ಬರೆದಿದ್ದಾರೆ. ವಿಶ್ರಾಂತಿಯನ್ನೂ ಚಿಕಿತ್ಸೆ ಎಂದು ಲೆಕ್ಕಕ್ಕೆ ತೆಗೆದುಕೊಂಡ ಅವರಿಗೆ ನಾನು ಋಣಿ. ಸಂಜೆ ಬಂದ ಚಿಕ್ಕಪ್ಪನಿಗೆ ಆ ಹಾಳೆ ತೋರಿಸಿ ಈ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಬಹಳ ಹೊತ್ತು ಓದಿದರು. ಮುಂದಿನ ಸಲ ಊಟದ ಹೊತ್ತು ಬಿಟ್ಟು ಬರುತ್ತೇನೆ ಎಂದರು.

ಸೋಮವಾರ ಶಿವಮೊಗ್ಗಕ್ಕೆ ಹೋಗಿ, ನರಗಳಲ್ಲಿ ಸಂಕೇತ ಹೇಗೆ ಸಾಗುತ್ತಿದೆ ಎಂದು ನೋಡುವ ನರವಹನ ಪರೀಕ್ಷೆ ಮಾಡಿಸಬೇಕು. ಪಾದ ಜೋತುಬೀಳದಂತೆ ಕಟ್ಟುವ ಸ್ಪ್ಲಿಂಟ್ ಎಡಗಾಲಿನ ಹಿಮ್ಮಡಿಯನ್ನು ಉಜ್ಜಿ ಕೆಂಪಾಗಿಸಿದೆ, ಅದನ್ನೂ ಸರಿಮಾಡಿಸಬೇಕು. ಮಳೆ ಜೋರಿದೆ, ಬೇಗ ಹೊರಡಬೇಕು.