ಗೈಡ್ ಕ್ಯಾಮೆರಾ ಹಾಕಿದರೂ ನಕ್ಷತ್ರ ಯಾಕೆ ಉದ್ದ ಬರುತ್ತದೆ?

"ಗೈಡ್ ಕ್ಯಾಮೆರಾ ಹಾಕಿದ್ದೇನೆ, ಗ್ರಾಫ್ ಕೂಡ ಸಪಾಟಾಗಿದೆ. ಆದರೂ ಫೋಟೋದಲ್ಲಿ ನಕ್ಷತ್ರಗಳು ಅಕ್ಕಿಕಾಳಿನ ಹಾಗೆ ಉದ್ದ ಬರುತ್ತವೆ. ಇನ್ನೂ ಒಳ್ಳೆ ಕ್ಯಾಮೆರಾ ತಗೋಬೇಕಾ?" ಟೆಲಿಸ್ಕೋಪಿನಲ್ಲಿ ಫೋಟೋ ತೆಗೆಯಲು ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ.

ಈಗಲೇ ತಗೋಬೇಡಿ. ಮೊದಲು ಅದನ್ನು ಹೇಗೆ ಕೂರಿಸಿದ್ದೀರಿ ನೋಡಿ.

ಗೈಡ್ ಸ್ಕೋಪಿನ (ದೊಡ್ಡ ಟೆಲಿಸ್ಕೋಪಿನ ಮೇಲೆ ಕೂರಿಸುವ ಚಿಕ್ಕ ಟೆಲಿಸ್ಕೋಪ್) ಹಿಂದಿರುವ ಕ್ಯಾಮೆರಾ ಎರಡು ಸೆಕೆಂಡಿಗೊಮ್ಮೆ ಒಂದು ನಕ್ಷತ್ರವನ್ನು ನೋಡುತ್ತದೆ. ಅದು ಜರುಗಿದರೆ ಪಿಎಚ್‌ಡಿ2 ತರಹದ ಸಾಫ್ಟ್‌ವೇರ್ ಮೌಂಟನ್ನು (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಯಂತ್ರ) ಅಷ್ಟೇ ತಿರುಗಿಸಿ ಸರಿಮಾಡುತ್ತದೆ, ಎಷ್ಟು ಜರುಗಿತೆಂದು ಗ್ರಾಫಿನಲ್ಲಿ ತೋರಿಸುತ್ತದೆ. ಆದರೆ ಗೈಡ್ ಸ್ಕೋಪೇ ಬಾಗಿದರೆ? ಸಾಫ್ಟ್‌ವೇರಿಗೆ ನಕ್ಷತ್ರ ಜರುಗಿದ ಹಾಗೆಯೇ ಕಾಣುತ್ತದೆ. ಸುಮ್ನೆ ಮೌಂಟನ್ನು ಎಳೆಯುತ್ತದೆ. ಗ್ರಾಫ್ ಚೆನ್ನಾಗಿಯೇ ಇರುತ್ತದೆ, ದೊಡ್ಡ ಟೆಲಿಸ್ಕೋಪಿನ ಚಿತ್ರ ಕೆಡುತ್ತದೆ.

ಎಷ್ಟು ಬಾಗಿದರೆ ಕೆಡುತ್ತದೆ ಅಂತ ಲೆಕ್ಕ ಹಾಕಿದಾಗ ನನಗೇ ನಂಬಲಾಗಲಿಲ್ಲ. ಗೈಡ್ ಸ್ಕೋಪನ್ನು ಹಿಡಿದ ಎರಡು ಉಂಗುರಗಳ ನಡುವೆ 100 ಮಿ.ಮೀ. ಇದೆ ಅಂದುಕೊಳ್ಳಿ. ಒಂದು ತುದಿ ಅರ್ಧ ಮೈಕ್ರಾನ್ ಇಳಿದರೆ ಸಾಕು, 1 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ) ವ್ಯತ್ಯಾಸ! ನಮ್ಮ ತಲೆಕೂದಲಿನ ದಪ್ಪದ ನೂರನೇ ಒಂದು ಭಾಗವೂ ಇಲ್ಲ ಆ ಅರ್ಧ ಮೈಕ್ರಾನ್. 600 ಮಿ.ಮೀ. ಫೋಕಲ್ ಲೆಂತ್, 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಅಂದರೆ ಸುಮಾರು 1.3 ಆರ್ಕ್‌ಸೆಕೆಂಡ್. ಐದು ನಿಮಿಷದಲ್ಲಿ ಬರೀ 2 ಮೈಕ್ರಾನ್ ಇಳಿದರೂ ನಕ್ಷತ್ರ ಮೂರು ಪಿಕ್ಸೆಲ್ ಎಳೆದುಕೊಂಡಿರುತ್ತದೆ.

ನನ್ನದರಲ್ಲಿ ತಪ್ಪಿದ್ದದ್ದು ಗೈಡ್ ಸ್ಕೋಪನ್ನು ಹಿಡಿದಿದ್ದ ಫೈಂಡರ್ ಬ್ರಾಕೆಟ್. ಮುಂದೆ ರಬ್ಬರ್ ಉಂಗುರ, ಹಿಂದೆ ಎರಡು ಸ್ಕ್ರೂ, ಒಂದು ಸ್ಪ್ರಿಂಗ್. ಕಿರುಬೆರಳಲ್ಲಿ ಮೆತ್ತಗೆ ಒತ್ತಿದೆ. ಪರದೆಯ ಮೇಲೆ ನಕ್ಷತ್ರ ಹಾರಿತು, ಬೆರಳು ತೆಗೆದ ಮೇಲೂ ಮೊದಲಿನ ಜಾಗಕ್ಕೆ ಬರಲಿಲ್ಲ. ಎರಡೂ ತುದಿಯಲ್ಲಿ ಗಟ್ಟಿ ಹಿಡಿಯುವ ಲೋಹದ ಉಂಗುರ ಹಾಕಿದೆ. ನೇತಾಡುವ ಕೇಬಲ್ಲನ್ನು ಸ್ಕೋಪಿಗೇ ಕಟ್ಟಿದೆ. ಅದರ ಭಾರವೂ ಎಳೆಯುತ್ತದೆ, ಅಲ್ವಾ?

ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಸರಿಯಿರಲಿ. ಕ್ಯಾಲಿಬ್ರೇಶನ್ನನ್ನು (ಮೌಂಟ್ ಯಾವ ಕಡೆಗೆ ಎಷ್ಟು ತಿರುಗುತ್ತದೆ ಅಂತ ಸಾಫ್ಟ್‌ವೇರಿಗೆ ಕಲಿಸುವುದು) ಆಕಾಶದ ಮಧ್ಯರೇಖೆಯ (ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ಗೆರೆ) ಹತ್ತಿರ, ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿರುವ ಗೆರೆ) ಬಳಿಯ ನಕ್ಷತ್ರದ ಮೇಲೆ ಮಾಡಿ. ಇವು ಹೇಗೂ ಬೇಕು.

ಆಮೇಲೆ ಒಂದು ಪರೀಕ್ಷೆ. ಡಿದರಿಂಗ್ (ಚಿತ್ರ ಚಿತ್ರದ ನಡುವೆ ಬೇಕೆಂದೇ ಟೆಲಿಸ್ಕೋಪನ್ನು ಸ್ವಲ್ಪ ಜರುಗಿಸುವುದು) ಆಫ್ ಮಾಡಿ, ಗೈಡಿಂಗ್ ಆನ್ ಇಟ್ಟು, ಒಂದು ಗಂಟೆ ಕಾಲ ಒಂದೊಂದು ನಿಮಿಷದ ಚಿತ್ರ ತೆಗೆಯಿರಿ. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಕ್ಷತ್ರಗಳೆಲ್ಲ ಒಂದೇ ಕಡೆಗೆ ಜರುಗಿದ್ದರೆ ಎಲ್ಲೋ ಏನೋ ಬಾಗುತ್ತಿದೆ. ಎಷ್ಟು ಬಿಗಿ ಮಾಡಿದರೂ ಅದು ನಿಲ್ಲದಿದ್ದರೆ, ಅಥವಾ ಒಳಗಿನ ಕನ್ನಡಿಯೇ ಜರುಗುವ ಟೆಲಿಸ್ಕೋಪ್ ನಿಮ್ಮದಾದರೆ, ಆಗ ದುಡ್ಡು ಹಾಕಬೇಕಾದದ್ದು ಆಫ್-ಆಕ್ಸಿಸ್ ಗೈಡರಿಗೆ. ಅದು ದೊಡ್ಡ ಟೆಲಿಸ್ಕೋಪಿನ ಬೆಳಕನ್ನೇ ಸ್ವಲ್ಪ ಗೈಡ್ ಕ್ಯಾಮೆರಾಗೆ ತಿರುಗಿಸುತ್ತದೆ. ಕ್ಯಾಮೆರಾ ಈಗಿರುವುದೇ ಸಾಕಾಗಬಹುದು.